ಕಾಫಿ ಚೀಲದ ತೊಟ್ಟಿಲುಗಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಚಳಿಗಾಲ ಅದು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ನಾನು ಭಾಗಮಂಡಲದ ಹತ್ತಿರದ ನಮ್ಮ ಮನೆಯಲ್ಲಿ, ಯಾರಾದರೂ ನನ್ನ ಮದುವೆಯ ಮಾತೆತ್ತಿದ ಕೂಡಲೆ ದನದ ಕೊಟ್ಟಿಗೆಗೆ ಎದ್ದುಹೋಗುವುದೇ ಒಂದು ಕೆಲಸವೆಂಬಂತೆ ದಿನ ಕಳೆಯುತ್ತಿದ್ದೆ. ಅಷ್ಟರಲ್ಲಿ ಸೋದರತ್ತೆಗೆ ಜ್ವರ, ನಾಲ್ಕು ದಿನ ಜೊತೆಗಿರಲು ಹುಡುಗಿಯನ್ನು ಕಳಿಸಿ ಎಂದು ಮಾವನಿಂದ ಕಾಗದ ಬಂತು. ಅತ್ತೆಯ ಗಂಡನಾದ ಈ ಮಾವ ತಿತಿಮತಿಯ ಆಚೆ, ಕಾಡಿಗೆ ತಾಗಿಕೊಂಡಿದ್ದ ಒಂದು ಕಂಪನಿ ಎಸ್ಟೇಟಿನಲ್ಲಿ ಹೆಡ್ ರೈಟರು. ತೋಟದ ಲೆಕ್ಕಪತ್ರ, ಆಳುಗಳ ಹಾಜರಿ, ಮ್ಯಾನೇಜರರ ಸಿಟ್ಟು, ಮೂರನ್ನೂ ನೋಡಿಕೊಳ್ಳುವವರು ಅವರೇ.

ಎರಡು ಬಸ್ಸು ಬದಲಾಯಿಸಿ ನಾನು ಅಲ್ಲಿಗೆ ತಲಪುವಾಗ ಅತ್ತೆಯ ಜ್ವರ ಬಿಟ್ಟು ಎರಡು ದಿನವಾಗಿತ್ತು. ಅವರು ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ಸುಡುತ್ತಿದ್ದರು. ಬಂದದ್ದು ಬಂದೆ, ಕಾಫಿ ಕುಯ್ಲು ಮುಗಿಯುವ ತನಕ ಇರು ಎಂದರು. ನನಗೂ ಅದೇ ಬೇಕಿತ್ತು.

ಮೂರನೆಯ ದಿನ ಮಧ್ಯಾಹ್ನ ಮಾವ ಊಟಕ್ಕೆ ಬಂದವರು ಕೈ ತೊಳೆಯದೆ ನನ್ನ ಮುಖವನ್ನೇ ನೋಡುತ್ತಾ ನಿಂತರು.

"ಗೂಡೆ, ನೀ ಮೂರು ದಿನ ಟೀಚರ್ ಆಗೊಕು."

ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ಟೀಚರ್ ಎಂದರೆ ಏನೆಂದು ಅವರು ಬಿಡಿಸಿ ಹೇಳಿದ್ದು ಊಟಕ್ಕೆ ಕೂತ ಮೇಲೆ. ಹೆಂಗಸರು ಹೆಚ್ಚಾಗಿ ದುಡಿಯುವ ತೋಟಗಳಲ್ಲಿ ಅವರ ಮಕ್ಕಳನ್ನು ಹಗಲು ನೋಡಿಕೊಳ್ಳಲು ಒಂದು ಮನೆ, ಒಬ್ಬ ಆಯಾ, ತೊಟ್ಟಿಲು, ಹಾಲು ಎಲ್ಲ ಇರಬೇಕೆಂದು ಕಾನೂನು ಬಂದಿತ್ತಂತೆ. ಲೇಬರ್ ಇನ್‌ಸ್ಪೆಕ್ಟರು ಎರಡು ಸಲ ಕಾಗದ ಬರೆದಿದ್ದರಂತೆ. ಮದರಾಸಿನ ಹೆಡ್ಡಾಫೀಸು ಎರಡು ಸಲವೂ, ಆಗಲಿ ನೋಡೋಣ ಎಂದು ಉತ್ತರ ಬರೆಸಿತ್ತಂತೆ. ಈಗ ಇನ್‌ಸ್ಪೆಕ್ಟರು ಸ್ವತಃ ಗುರುವಾರ ಬರುತ್ತಾರೆ.

"ಅವು ಬಂದ್ ಹೋಗುವ ತನಕ ಒಂದು ಮಕ್ಕಳ ಮನೆ ಮಾಡಿ ತೋರ್ಸೊಕು ಹೇಳಿ ದೊರೆ ಹೇಳ್ದೊ. ಓದಿದ ಗೂಡೆ ಬೇಕು. ಈ ತೋಟಲಿ ಓದಿದ ಗೂಡೆ ನೀ ಒಬ್ಳೇ."

"ನಂಗೆ ಮಕ್ಕಳ ಎತ್ತಿಕೆ ಗೊತ್ತಿಲೆ ಮಾವ. ಮನೆಲಿ ನಾನೇ ಸಣ್ಣವ್ಳ್."

"ಅದರ್ಲಿ ಕಲಿಯಕ್ಕೆ ಎಂಥ ಉಟ್ಟು. ಬೀಳದಂಗೆ ಹಿಡ್ಕಂಡ್ರೆ ಆತ್."

ಅದು ಇನ್‌ಸ್ಪೆಕ್ಟರರ ಕಣ್ಣಿಗೆ ಮಣ್ಣೆರಚುವ ಕೆಲಸವೆಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಟೀಚರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬೇರೆ ಯಾವುದೂ ತಲೆಯೊಳಗೆ ಹೋಗಲಿಲ್ಲ. ಅತ್ತೆಯ ಮೈಸೂರು ಸಿಲ್ಕಿನ ಸೀರೆಯನ್ನೇ ಉಡುತ್ತೇನೆಂದು ಹಟ ಹಿಡಿದೆ. ಮಕ್ಕಳ ಮನೆಗೆ ಯಾರೂ ಸಿಲ್ಕು ಉಡುವುದಿಲ್ಲ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ.

ಮ್ಯಾನೇಜರರನ್ನು ಎಲ್ಲರೂ ದೊರೆ ಎಂದೇ ಕರೆಯುತ್ತಿದ್ದರು. ಬಿಳಿಯರು ಹೋದ ಮೇಲೆ ಕಂಪನಿ ಆ ತೋಟಕ್ಕೆ ನೇಮಿಸಿದ ಮೊದಲ ನಮ್ಮವರು ಅವರು. ಮೂವತ್ತು ದಾಟಿರದ ಕೊಡವರು. ಮೊಣಕಾಲಿನ ತನಕ ಕಾಲುಚೀಲ, ಖಾಕಿ ಚಡ್ಡಿ, ಒಂದು ಮೋಟಾರ್ ಸೈಕಲ್ಲು. ಹಿಂದಿನ ದೊರೆ ಹೇಗೆ ಮಾಡುತ್ತಿದ್ದರೋ ಎಂದು ಎಲ್ಲದಕ್ಕೂ ಮಾವನನ್ನು ಗುಟ್ಟಾಗಿ ಕೇಳುತ್ತಿದ್ದರಂತೆ. ಆ ಬುಧವಾರ ಅವರು ಗೋಣಿಚೀಲ ತುಂಬಿಡುವ ಹಳೆಯ ಉಗ್ರಾಣವನ್ನು ತೆರವು ಮಾಡಿಸಿ ಸುಣ್ಣ ಬಳಿಸಿದರು. ತೊಟ್ಟಿಲು ಮಾಡಲು ಬಡಗಿಗೆ ಸಮಯವಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಆಳುಗಳ ಮನೆಸಾಲಾದ ಲೈನಿನಲ್ಲಿ ಮಗಳ ಸಂಸಾರದ ಜೊತೆಗಿದ್ದ, ಮಲಬಾರಿನ ಒಬ್ಬ ಮಾಪಿಳ್ಳೆ ಮುಸಲ್ಮಾನ ಮುದುಕಿ. ಎಲ್ಲರೂ ಅವಳನ್ನು ಉಮ್ಮ ಎನ್ನುತ್ತಿದ್ದರು. ಒಂಬತ್ತು ಹೆತ್ತವಳು, ಅವರ ಮಕ್ಕಳನ್ನೂ ತೂಗಿದವಳು. ಅವಳು ಉಗ್ರಾಣದ ತೊಲೆಗಳನ್ನು ನೋಡಿದಳು, ಮೂಲೆಯಲ್ಲಿ ಒಟ್ಟಿದ್ದ ಹೊಸ ಗೋಣಿಚೀಲಗಳನ್ನು ನೋಡಿದಳು, ಹಗ್ಗ ತರಿಸಿದಳು. ಸಂಜೆಯ ಹೊತ್ತಿಗೆ ಹನ್ನೆರಡು ಚೀಲಗಳು ತೊಲೆಯಿಂದ ಇಳಿಬಿದ್ದು ತೂಗಾಡುತ್ತಿದ್ದವು. ಒಳಗೆ ಹಳೆಯ ಸೀರೆಯ ಮೆತ್ತೆ. ಹೊರಗೆ ಪ್ರತಿಯೊಂದರ ಹೊಟ್ಟೆಯ ಮೇಲೂ ನೀಲಿ ಅಕ್ಷರದಲ್ಲಿ ಕಂಪನಿಯ ಮುದ್ರೆ, ಕಾಫಿಯ ದರ್ಜೆ, ಮಂಗಳೂರು ಬಂದರಿನ ಹೆಸರು.

ಗುರುವಾರ ಬೆಳಿಗ್ಗೆ ನಾನು ಸಿಲ್ಕು ಉಟ್ಟು ಬಾಗಿಲಲ್ಲಿ ನಿಂತೆ. ಮೇಸ್ತ್ರಿ ಲೈನಿನ ಹೆಂಗಸರನ್ನು ಸಾಲಾಗಿ ಕರೆತಂದ. ಅವರ ಬೆನ್ನ ಮೇಲೆ, ಸೊಂಟದ ಮೇಲೆ ಮಕ್ಕಳು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ಮಕ್ಕಳನ್ನು ಬಿಟ್ಟರೆ ಕೂಲಿಯಲ್ಲಿ ಹಿಡಿಯುತ್ತಾರೆಂದು ಯಾರೋ ಹಬ್ಬಿಸಿದ್ದರು. ಸಾಲಿನ ಮುಂದೆ ಪಿರಿಯಾಪಟ್ಟಣದ ಕಡೆಯಿಂದ ಕುಯ್ಲಿಗೆ ಬಂದಿದ್ದ ಎತ್ತರದ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಆರು ತಿಂಗಳ ಗಂಡುಮಗು ಅವಳ ಬೆನ್ನಿಗೆ ಅಂಟಿಕೊಂಡಿತ್ತು.

"ನಿಂಗೆ ಮದ್ವೆ ಆಗೈತೇನವ್ವ?" ಎಂದಳು.

"ಇಲ್ಲ" ಎಂದೆ.

"ಮಕ್ಳು ಮರಿ ಸಾಕಿದ್ದೀಯ?"

"ಇಲ್ಲ."

"ಮತ್ತೆ ಪಟ್ಟೆ ಸೀರೆ ಉಟ್ಕಂಡು ನನ್ ಮಗೀನ ಏನ್ ಮಾಡ್ತೀಯ, ಪೂಜೆನ?"

ಸಾಲಿನಲ್ಲಿ ನಗು ಹರಿಯಿತು. ನನಗೂ ನಗು ಬಂತು. ಬರಬಾರದಿತ್ತು, ನಾನು ಟೀಚರು. ಆದರೆ ತಡೆಯಲು ಆಗಲಿಲ್ಲ. ನಾನು ನಕ್ಕದ್ದನ್ನು ನೋಡಿ ಅವಳೂ ಸಡಿಲಾದಳು. ಅಷ್ಟರಲ್ಲಿ ಉಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಹೋಗಿ ಏನೂ ಕೇಳದೆ ಅವಳ ಬೆನ್ನಿನ ಗಂಟು ಬಿಚ್ಚಿ ಮಗುವನ್ನು ಇಳಿಸಿಕೊಂಡಳು. ಮಗುವಿನ ತೊಡೆಯ ಮೇಲೆ ಕೆಂಪಿರುವೆ ಕಚ್ಚಿದ ಗುರುತುಗಳಿದ್ದವು. ಕುಯ್ಲಿನವರ ಮಕ್ಕಳಿಗೆಲ್ಲ ಅದು ಇದ್ದದ್ದೇ. ಬೆನ್ನ ಮೇಲಿದ್ದರೆ ಬಿಸಿಲು, ಗಿಡದ ಕೆಳಗೆ ಮಲಗಿಸಿದರೆ ಇರುವೆ. ಉಮ್ಮ ಆ ಗುರುತುಗಳಿಗೆ ತೆಂಗಿನೆಣ್ಣೆ ಸವರಿ ಚೀಲದೊಳಗೆ ಇಳಿಬಿಟ್ಟು ಒಂದು ಸಲ ತೂಗಿದಳು. ಮಗು ಒಮ್ಮೆ ತೊಲೆ ನೋಡಿತು, ಒಮ್ಮೆ ಉಮ್ಮನನ್ನು ನೋಡಿತು, ಕಣ್ಣು ಮುಚ್ಚಿತು.

ತಾಯಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಬರಿ ಬೆನ್ನನ್ನು ಒಮ್ಮೆ ನೆಟ್ಟಗೆ ಮಾಡಿ, ಬುಟ್ಟಿ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಮಕ್ಕಳನ್ನು ಒಳಗೆ ಬಿಟ್ಟರು.

ಆಮೇಲಿನ ಎರಡು ಗಂಟೆಯನ್ನು ಕ್ರಮವಾಗಿ ಹೇಳಲು ನನ್ನಿಂದಾಗದು. ಹನ್ನೊಂದು ಮಕ್ಕಳು. ಒಂದು ಅತ್ತರೆ ಎಲ್ಲ ಅಳುತ್ತಿದ್ದವು. ಒಂದನ್ನು ಎತ್ತಿಕೊಂಡರೆ ಇನ್ನೊಂದು ಸೆರಗು ಹಿಡಿದು ಎಳೆಯುತ್ತಿತ್ತು. ತೆವಳುವ ಒಬ್ಬಳು ಹಾಲಿನ ಪಾತ್ರೆಯನ್ನು ತಲೆಗೆ ಟೋಪಿ ಮಾಡಿಕೊಂಡಳು. "ಮೋಳೇ, ತಲೆ ಹಿಡಿ, ತಲೆ. ಕುಂಞಿ ಕಾಫಿ ಚೀಲ ಅಲ್ಲ" ಎಂದು ಉಮ್ಮ ನನಗೆ ಕೂಗಿ ಹೇಳುತ್ತಿದ್ದಳು. ಅವಳ ಮಲಯಾಳದಲ್ಲಿ ಮೋಳೆ ಎಂದರೆ ಮಗಳು, ಕುಂಞಿ ಎಂದರೆ ಕೂಸು. ಹತ್ತು ಗಂಟೆಗೆ ಅತ್ತೆಯ ಸಿಲ್ಕಿನ ಮೇಲೆ ಮೂರು ಮಕ್ಕಳ ಗುರುತು ಬಿದ್ದಿತ್ತು. ನನ್ನ ಜಡೆ ಬಿಚ್ಚಿಹೋಗಿತ್ತು. ನನಗೆ ಅಂಥ ಸಂತೋಷ ಹಿಂದೆ ಯಾವತ್ತೂ ಆಗಿರಲಿಲ್ಲ. ಯಾಕೆಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಸುಮ್ಮನೆ ತಲೆ ಹಗುರಾಗಿ, ಕಾಲು ನೆಲಕ್ಕೆ ತಾಗದ ಹಾಗೆ ಓಡಾಡುತ್ತಿದ್ದೆ.

ಆಗ ಜೀಪು ಬಂತು.

ಇನ್‌ಸ್ಪೆಕ್ಟರು ಮೈಸೂರಿನ ಕಡೆಯ ಸಣಕಲು ಮನುಷ್ಯ. ಕೋಟು, ಕೈಯಲ್ಲಿ ಒಂದು ದೊಡ್ಡ ರಿಜಿಸ್ಟರು. ದೊರೆ ಅವರ ಬಲಗಡೆ, ಮಾವ ಎಡಗಡೆ. ನನಗೆ ಏನು ಹೇಳಬೇಕೆಂದು ಮಾವ ಹಿಂದಿನ ದಿನವೇ ಬಾಯಿಪಾಠ ಮಾಡಿಸಿದ್ದರು. ಮಕ್ಕಳ ಮನೆ ಕಳೆದ ತಿಂಗಳಿಂದ ನಡೆಯುತ್ತಿದೆ, ದಿನಕ್ಕೆರಡು ಸಲ ಹಾಲು, ಮಧ್ಯಾಹ್ನ ಗಂಜಿ. ಇನ್‌ಸ್ಪೆಕ್ಟರು ಗೋಣಿಚೀಲದ ಸಾಲನ್ನು ಬಹಳ ಹೊತ್ತು ನೋಡಿದರು. ಒಂದು ಚೀಲದ ಮೇಲಿನ ಮುದ್ರೆಯನ್ನು ಗಟ್ಟಿಯಾಗಿ ಓದಿದರು.

"ಇವನ್ನ ಮಂಗಳೂರಿಗೆ ಕಳಿಸೋ ಅಂದಾಜಿದೆಯೇನು?" ಎಂದು ದೊರೆಯನ್ನು ಕೇಳಿದರು.

ದೊರೆ ಕೆಮ್ಮಿದರು. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. ನನ್ನ ಎರಡು ಕೈಯಲ್ಲೂ ಮಕ್ಕಳಿದ್ದವು, ಒಂದು ನನ್ನ ಕಿವಿಯ ಓಲೆ ಎಳೆಯುತ್ತಿತ್ತು.

"ಎಷ್ಟು ದಿನದಿಂದ ನಡೀತಾ ಇದೆಯಮ್ಮ ಇದು?"

"ಇವತ್ತಿಂದ ಸಾರ್" ಎಂದೆ.

ಸತ್ಯ ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಪಾಠವೆಲ್ಲ ಆ ಗದ್ದಲದಲ್ಲಿ ಹಾರಿಹೋಗಿತ್ತು. ಹೇಳಿದ ಮೇಲೆ ಮಾವನ ಮುಖ ನೋಡಿದೆ. ಅದು ಸುಣ್ಣ ಬಳಿದ ಗೋಡೆಯ ಹಾಗಿತ್ತು. ದೊರೆ ತಮ್ಮ ಬೂಟುಗಳನ್ನು ನೋಡುತ್ತಿದ್ದರು.

ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಣಕಲು ದೇಹದಲ್ಲಿ ಅಷ್ಟು ದೊಡ್ಡ ನಗು ಎಲ್ಲಿತ್ತೋ. ಹೆದರಿ ಎರಡು ಮಕ್ಕಳು ಎಚ್ಚರಾದವು. ರಿಜಿಸ್ಟರನ್ನು ಕಿಟಕಿಯ ಮೇಲಿಟ್ಟು ಅವರು ಏನೋ ಬರೆದರು. ಅದನ್ನು ಓದಿಯೂ ಹೇಳಿದರು: "ಮಕ್ಕಳ ಮನೆ ಪ್ರಾರಂಭವಾದ ದಿನವೇ ನೋಡುವ ಅವಕಾಶ ಸಿಕ್ಕಿತು. ಮುಂದಿನ ತಿಂಗಳು ಪುನಃ ಬಂದು ನೋಡುತ್ತೇನೆ." ಹೊರಡುವಾಗ ನನಗೆ ಕೈ ಮುಗಿದರು. ನನಗೆ ಕೈ ಮುಗಿದ ಮೊದಲ ಸರಕಾರಿ ಮನುಷ್ಯ ಅವರು.

ಜೀಪು ಮರೆಯಾದ ಕೂಡಲೆ ದೊರೆ ಮಾವನಿಗೆ, "ನಿಮ್ಮ ಹುಡುಗಿಯನ್ನು ನಾಳೆ ಊರಿಗೆ ಕಳಿಸಿ" ಎಂದರು. ಇಂಗ್ಲಿಷಿನಲ್ಲಿ ನನಗೆ ಹಿಡಿಯದಷ್ಟು ಬೇಗ ಇನ್ನೂ ಏನೇನೋ ಹೇಳಿದರು, ಮಾವ ಅದನ್ನು ನನಗೆ ತಿಳಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಟ್ರಂಕು ಕಟ್ಟಿ ಬಸ್ಸಿಗೆಂದು ಮಾವನ ಜೊತೆ ಹೊರಟೆ. ಉಗ್ರಾಣದ ಮುಂದೆ ದಾಟುವಾಗ ನೋಡುತ್ತೇವೆ, ಬಾಗಿಲ ಮುಂದೆ ಹೆಂಗಸರ ಸಾಲು. ನಿನ್ನೆಯ ಹನ್ನೊಂದು ಮಕ್ಕಳಲ್ಲದೆ ಇನ್ನೂ ಆರು. ಮೇಸ್ತ್ರಿ ಕರೆದಿರಲಿಲ್ಲ, ಯಾರೂ ಹೇಳಿರಲಿಲ್ಲ. ನಿನ್ನೆಯದು ಬರೀ ತೋರಿಕೆಯೆಂದು ಅವರಿಗೆ ತಿಳಿಸಬೇಕೆಂದೇ ಯಾರಿಗೂ ಹೊಳೆದಿರಲಿಲ್ಲ. ಉಮ್ಮ ಆಗಲೇ ಬೀಗದ ಮುಂದೆ ಕೂತಿದ್ದಳು. ಪಿರಿಯಾಪಟ್ಟಣದವಳು ನನ್ನ ಟ್ರಂಕನ್ನು ನೋಡಿ, "ಎಲ್ಲಿಗವ್ವ ಹೊಂಟೆ? ಬಾಗ್ಲು ತೆಗಿ, ಬಿಸ್ಲೇರ್ತಾ ಐತೆ" ಎಂದಳು.

ಮಾವ ನನ್ನನ್ನು ಅಲ್ಲೇ ನಿಲ್ಲಿಸಿ ದೊರೆಯ ಬಂಗಲೆಗೆ ಓಡಿದರು. ಮೋಟಾರ್ ಸೈಕಲ್ಲಿನಲ್ಲಿ ದೊರೆ ಬಂದರು, ಹಿಂದಿನ ಸೀಟಿನಲ್ಲಿ ಮಾವ ಟೋಪಿ ಹಿಡಿದುಕೊಂಡು. ದೊರೆ ಸಾಲನ್ನು ನೋಡಿ ಬಾಯಿ ತೆರೆದರು. ಅವರು ಏನನ್ನೂ ಹೇಳುವ ಮೊದಲೇ ಮಾವ ಮೆಲ್ಲಗೆ, "ದೊರೆಗಳೇ, ನಿನ್ನೆ ಸಂಜೆ ಅಳತೆಯಲ್ಲಿ ಒಂದು ವಿಷಯ ನೋಡಿದೆ. ಈ ಹನ್ನೊಂದು ಜನ ತಂದ ಹಣ್ಣು ಬೇರೆಯವರಿಗಿಂತ ಎಷ್ಟೋ ಹೆಚ್ಚು. ಹಸಿಕಾಯಿಯೂ ಇರಲಿಲ್ಲ. ಸಿಪ್ಪೆ ಬಿಡಿಸುವ ಮೇಸ್ತ್ರಿ ಯಾರು ಕುಯ್ದದ್ದು ಅಂತ ಕೇಳಿದ" ಎಂದರು.

ದೊರೆಯ ಬಾಯಿ ಮುಚ್ಚಿತು. ಆ ವರ್ಷ ಬಿಸಿಲು ಜೋರಾಗಿ ಗಿಡದಲ್ಲಿ ಹಣ್ಣೆಲ್ಲ ಒಟ್ಟಿಗೆ ಕೆಂಪಾಗಿತ್ತು. ಆಳು ಸಾಲದೆ ಹಣ್ಣು ನೆಲಕ್ಕುದುರುತ್ತದೆಂದು ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ಅವರು ಉಗ್ರಾಣದ ಬಾಗಿಲನ್ನು, ಸಾಲನ್ನು, ನನ್ನ ಟ್ರಂಕನ್ನು ನೋಡಿದರು.

"ಆ ಪೆಟ್ಟಿಗೆ ಯಾಕೆ ಇಲ್ಲಿ?" ಎಂದರು, ಯಾರಿಗೂ ಅಲ್ಲದ ಹಾಗೆ. "ಒಳಗಿಡಿ. ಕೆಲಸದ ಹೊತ್ತು."

ಹೀಗೆ ನನ್ನ ಕೆಲಸ ಕಾಯಂ ಆಯಿತು. ಸಿಲ್ಕನ್ನು ಅತ್ತೆ ಬೂದಿನೀರಿನಲ್ಲಿ ನೆನೆಹಾಕಿದರು, ಬಣ್ಣ ಉಳಿಯಲಿಲ್ಲ. ನಾನು ಹತ್ತಿ ಸೀರೆಗೆ ಬಂದೆ.

ಆ ಕುಯ್ಲಿನ ದಿನಗಳಷ್ಟು ಓಟದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ವಾರದೊಳಗೆ ತೊಟ್ಟಿಲುಗಳು ಸಾಲದೆ ಇನ್ನೂ ಎಂಟು ಚೀಲ ಕಟ್ಟಿದೆವು. ಉಮ್ಮ ಹಾಡುವುದು ಮಾಪಿಳ್ಳೆ ಹಾಡು, ನಾನು ಹಾಡುವುದು ನಮ್ಮ ಮನೆಯ ಅರೆಭಾಷೆಯ ಜೋಗುಳ, ಪಿರಿಯಾಪಟ್ಟಣದ ಕಡೆಯ ಮಕ್ಕಳಿಗೆ ಎರಡೂ ಅರ್ಥವಾಗದೆ ಎರಡಕ್ಕೂ ನಿದ್ದೆ. ಮಾತು ಕಲಿಯುತ್ತಿದ್ದ ಮಕ್ಕಳು ಎಲ್ಲವನ್ನೂ ಕಲಸಿ ಯಾರಿಗೂ ತಿಳಿಯದ ಒಂದು ಭಾಷೆ ಮಾಡಿಕೊಂಡವು. ಎರಡು ವರ್ಷದ ಒಬ್ಬಳು ಹಾಲು ಬೇಕಾದರೆ ಮಲಯಾಳದಲ್ಲಿ ಕೇಳಿ, ಬೇಡವಾದರೆ ಅರೆಭಾಷೆಯಲ್ಲಿ ಹೇಳಿ, ಸಿಟ್ಟು ಬಂದರೆ ಲೈನಿನಲ್ಲಿ ಕಲಿತ ತಮಿಳಿನಲ್ಲಿ ಬೈಯುತ್ತಿದ್ದಳು.

ದೊರೆ ದಿನಾ ಒಂದು ನೆಪ ಹಿಡಿದು ಬರುತ್ತಿದ್ದರು. ಛಾವಣಿಯ ಹೆಂಚು ನೋಡಬೇಕು, ಹಗ್ಗ ಪರೀಕ್ಷಿಸಬೇಕು. ಬಂದ ಕೂಡಲೆ ತೆವಳುವ ಮಕ್ಕಳೆಲ್ಲ ಅವರ ಕಾಲುಚೀಲಕ್ಕೆ ಜೋತುಬೀಳುತ್ತಿದ್ದವು. ಮೊದಮೊದಲು ಗಂಭೀರವಾಗಿ ನಿಂತೇ ಇರುತ್ತಿದ್ದರು. ಒಂದು ದಿನ ನಾನು ಹಿಂದಿನ ಬಾಗಿಲಿಂದ ಬಂದಾಗ ಅವರು ನೆಲದ ಮೇಲೆ ಕೂತು, ಟೋಪಿಯನ್ನು ಒಂದು ಮಗುವಿನ ತಲೆಗಿಟ್ಟು, ಅದಕ್ಕೆ ಸೆಲ್ಯೂಟು ಹೊಡೆಯುತ್ತಿದ್ದರು. ನನ್ನನ್ನು ಕಂಡು ಎದ್ದು, "ನೆಲ ತೇವ ಇದೆಯಾ ಅಂತ ನೋಡಿದೆ" ಎಂದರು.

ಸುದ್ದಿ ತೋಟದ ಗಡಿ ದಾಟಿತು. ಪಕ್ಕದ ಎಸ್ಟೇಟುಗಳಲ್ಲಿ ಮಕ್ಕಳಿದ್ದ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಕಡೆ ಬರತೊಡಗಿದರು. ಒಂದು ಬೆಳಿಗ್ಗೆ ಪಕ್ಕದ ತೋಟದ ಮಾಲೀಕರು ಕಾರಿನಲ್ಲಿ ಬಂದು ಉಗ್ರಾಣದ ಮುಂದೆಯೇ ದೊರೆಯ ಮೇಲೆ ಜಗಳಕ್ಕೆ ನಿಂತರು.

"ನನ್ನ ಆಳುಗಳನ್ನು ನೀವು ಕದೀತಾ ಇದ್ದೀರಿ."

"ನಾನು ಒಬ್ಬರನ್ನೂ ಕರೆದಿಲ್ಲ ಅಣ್ಣ" ಎಂದರು ದೊರೆ. "ಇಪ್ಪತ್ತು ಗೋಣಿಚೀಲ ಕಟ್ಟಿದ್ದೇನೆ, ಅಷ್ಟೆ. ಬೇಕಾದರೆ ನೋಡಿ."

ಅವರು ಸಿಟ್ಟಿನಲ್ಲೇ ಒಳಗೆ ಬಂದು ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರು ಉಮ್ಮನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು, ಆ ಹಗ್ಗದ ಗಂಟು ಹಾಕುವುದು ಹೇಗೆಂದು ಕೇಳುತ್ತಿದ್ದರು. ಉಮ್ಮ ಮೂರು ಸಲ ತೋರಿಸಿದಳು. ಮೂರನೆಯ ಸಲ ಅವರಿಗೇ ಬಂತು. ಜಗಳದ ವಿಷಯ ಮರೆತು ಕಾರು ಹತ್ತಿ ಹೋದರು.

ಒಂದು ತಿಂಗಳಿಗೆ ಇನ್‌ಸ್ಪೆಕ್ಟರು ಹೇಳಿದ ಹಾಗೆ ಬಂದರು. ಈ ಸಲ ಬಾಯಿಪಾಠ ಬೇಕಿರಲಿಲ್ಲ. ಅವರು ಗಂಜಿ ರುಚಿ ನೋಡಿ, ಉಪ್ಪು ಸ್ವಲ್ಪ ಕಡಿಮೆ ಎಂದು ರಿಜಿಸ್ಟರಿನಲ್ಲಿ ಬರೆದು ಹೋದರು.

ಫೆಬ್ರುವರಿಯ ಕೊನೆಗೆ ಕುಯ್ಲು ಮುಗಿಯಿತು. ಅದರ ಬೆನ್ನಿಗೇ ಮದರಾಸಿನಿಂದ ಕಾಗದ. ಕುಯ್ಲು ಮುಗಿದಿರುವುದರಿಂದ ಮಕ್ಕಳ ಮನೆಯನ್ನು ಮುಚ್ಚಿ, ಇನ್‌ಸ್ಪೆಕ್ಟರು ಮತ್ತೆ ಕೇಳಿದಾಗ ನೋಡೋಣ ಎಂದಿತ್ತು. ಮಾವ ಅದನ್ನು ದೊರೆಗೆ ಓದಿ ಹೇಳುವಾಗ ನಾನು ಹಾಲಿನ ಲೆಕ್ಕ ಕೊಡಲು ಆಫೀಸಿನಲ್ಲಿದ್ದೆ. ದೊರೆ ಕಾಗದವನ್ನು ಕೈಗೆ ತೆಗೆದುಕೊಂಡು ಮತ್ತೆ ಓದಿದರು. ಅವರ ಕಿವಿ ಕೆಂಪಾಯಿತು.

"ಹಿಂದಿನ ದೊರೆ ಆಗಿದ್ದರೆ ಏನು ಮಾಡುತ್ತಿದ್ದರು?" ಎಂದು ಮಾವನನ್ನು ಕೇಳಿದರು.

"ಮುಚ್ಚುತ್ತಿದ್ದರು" ಎಂದರು ಮಾವ.

"ನಾನು ಮುಚ್ಚುವುದಿಲ್ಲ" ಎಂದರು ದೊರೆ. ಹೇಳಿ ತಾವೇ ಬೆಚ್ಚಿ, ಟೈಪ್‌ರೈಟರನ್ನು ಎಳೆದುಕೊಂಡು ಎರಡು ಬೆರಳಲ್ಲಿ ತಾವೇ ಉತ್ತರ ಕುಟ್ಟಿದರು. ಅದರಲ್ಲಿ ಏನಿತ್ತೆಂದು ಮಾವ ಆ ಸಂಜೆ ಅತ್ತೆಗೆ ಹೇಳಿದರು. ಕಾನೂನಿಗೆ ಹೆದರಿ ಮಾಡಿದ ಕೆಲಸ ನಮ್ಮ ಹಣ್ಣನ್ನು ನೆಲಕ್ಕೆ ಬೀಳದಂತೆ ಕಾಪಾಡಿದೆ, ಪ್ರತಿವರ್ಷ ಆಳುಗಳನ್ನು ಹುಡುಕಿ ಅಲೆಯುವ ನಾವು ಈ ವರ್ಷ ಅಲೆಯಲಿಲ್ಲ, ಇದನ್ನು ಮುಚ್ಚಿದರೆ ಮುಂದಿನ ವರ್ಷ ಇವರು ಬಾರರು, ಇದು ದಾನವಲ್ಲ, ವ್ಯಾಪಾರ, ದಯವಿಟ್ಟು ಬಂದು ನೋಡಿ. ಇಷ್ಟು ಹೇಳಿ ಮಾವ, "ಅವರ ಕೆಲ್ಸ ಹೋದು ಖಂಡಿತ" ಎಂದರು. ಆದರೆ ಮಾವನ ದನಿಯಲ್ಲಿ ಏನೋ ಹೆಮ್ಮೆಯಿತ್ತು.

ನನಗೆ ಮಾತ್ರ ಆ ವ್ಯಾಪಾರ ಎಂಬ ಮಾತು ಚುಚ್ಚಿತು. ಮರುದಿನ ಉಮ್ಮನಿಗೆ ಹೇಳಿದೆ, ಇದೆಲ್ಲ ಕಂಪನಿ ಹಣ್ಣಿಗೋಸ್ಕರ ಮಾಡಿದ್ದು ಅಂತ.

"ಆಗಲಿ ಮೋಳೆ" ಎಂದಳು ಉಮ್ಮ, ಹಗ್ಗ ಎಳೆಯುತ್ತಲೇ. "ಕುಂಞಿಗೆ ಅದು ಗೊತ್ತಾ? ಅದಕ್ಕೆ ನಿದ್ದೆ ಬಂತು. ಇರುವೆ ಕಚ್ಚಲಿಲ್ಲ."

ಆ ಕಾಗದ ಓದಿ ಮದರಾಸಿನಿಂದ ಕಂಪನಿಯ ಡೈರೆಕ್ಟರೇ ಬಂದದ್ದು ಮಾರ್ಚಿನಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿದ್ದಾಗ. ಆ ವಾಸನೆಗೇ ಅರ್ಧ ತಲೆ ತಿರುಗುತ್ತಿತ್ತು. ಬಿಳಿ ಸೂಟು ಹಾಕಿದ, ಚಿನ್ನದ ಕನ್ನಡಕದ ವಯಸ್ಸಾದ ಮನುಷ್ಯ. ತಮಿಳು, ಇಂಗ್ಲಿಷು ಎರಡೇ ಬರುತ್ತಿದ್ದದ್ದು. ದೊರೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಪಿರಿಯಾಪಟ್ಟಣದವಳು ಆ ವಾರವೇ ಊರಿಗೆ ಹೊರಡಬೇಕಿತ್ತು. ದೊಡ್ಡ ದೊರೆ ಬರುತ್ತಾರೆಂದು ಕೇಳಿ ಎರಡು ದಿನ ನಿಂತಿದ್ದಳು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲ ಪಕ್ಕದಲ್ಲೇ ಕಾಯುತ್ತಿದ್ದಳು.

ಡೈರೆಕ್ಟರು ಒಳಗೆಲ್ಲ ನೋಡಿದರು. ಹೊರಗೆ ಬಂದು ದೊರೆಯನ್ನು ಇಂಗ್ಲಿಷಿನಲ್ಲಿ ಕೇಳಿದರು: ಇದರಿಂದ ಕಂಪನಿಗೆ ಏನು? ದೊರೆ ಉತ್ತರಿಸಲು ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಪಿರಿಯಾಪಟ್ಟಣದವಳಿಗೆ ಇಂಗ್ಲಿಷು ಬಾರದು. ಕೇಳಿದ ರೀತಿಯಲ್ಲೇ ಅವಳಿಗೆ ಪ್ರಶ್ನೆ ಅರ್ಥವಾಗಿತ್ತು.

"ನಾನ್ ಏಳ್ತೀನಿ ಬುದ್ದಿ" ಎಂದು ಮುಂದೆ ಬಂದಳು. "ಬೆನ್ನಾಗೆ ಮಗ ಇದ್ರೆ ಒಂದು ಕೈ ಹಣ್ಣಿಗೆ, ಒಂದು ಕೈ ಮಗೀಗೆ. ಈಗ ಎರಡು ಕೈನೂ ನಿಮ್ದೇಯ. ಕೂಲಿ ಮಾತ್ರ ಇನ್ನೂ ಹಳೇದೇ ಐತೆ. ಅದನ್ನೂ ನೋಡಿ. ಈ ತೊಟ್ಲಮನೆ ಮುಚ್ಚಿದ್ರೆ ನಾವು ಬರೋ ವರ್ಸ ಬೇರೆ ಕಡಿಕ್ ಓಯ್ತೀವಿ. ನಮ್ಮೂರಿಂದ ಬರೋರು ನಾನೊಬ್ಳೇ ಅಲ್ಲ."

ಡೈರೆಕ್ಟರು ದೊರೆಯ ಕಡೆ ನೋಡಿದರು. ದೊರೆ ಭಾಷಾಂತರ ಮಾಡಿದರು. ಕೂಲಿಯ ಮಾತು ಬಂದಾಗ ಒಂದು ಕ್ಷಣ ತಡೆದು, ಅದನ್ನೂ ಹೇಳಿದರು. ಬಿಡುತ್ತಾರೆಂದು ನಾನು ಅಂದುಕೊಂಡಿದ್ದೆ, ಬಿಡಲಿಲ್ಲ. ಡೈರೆಕ್ಟರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಅವಳು ಹೇಳಿದ್ದನ್ನು ಇನ್ನೊಂದು ಸಲ ನಿಧಾನವಾಗಿ ಹೇಳಿ" ಎಂದರು.

ಅವರು ಬರೆಯುತ್ತಿರುವಾಗ ಪಿರಿಯಾಪಟ್ಟಣದವಳ ಮಗು ಕೈ ಚಾಚಿ ಅವರ ಚಿನ್ನದ ಕನ್ನಡಕವನ್ನು ಕಿತ್ತುಕೊಂಡಿತು. ಡೈರೆಕ್ಟರು ಕಣ್ಣು ಕಿರಿದು ಮಾಡಿ ಮಗುವನ್ನು ನೋಡಿ, ತಮಿಳಿನಲ್ಲಿ, "ಇವನೇ ಮುಂದಿನ ಮ್ಯಾನೇಜರ್" ಎಂದರು. ದೊರೆ ನಕ್ಕ ರೀತಿ ಹೇಗಿತ್ತೆಂದರೆ ಅವರು ಒಂದು ತಿಂಗಳಿಂದ ಆ ನಗುವನ್ನು ಹಿಡಿದಿಟ್ಟಿದ್ದರೆಂದು ತೋರಿತು. ಮಾವ ಬೆನ್ನು ತಿರುಗಿಸಿ ಕಣ್ಣೊರಸಿಕೊಂಡರು.

ಮಕ್ಕಳ ಮನೆ ಉಳಿಯಿತು. ಕೂಲಿ ಸ್ವಲ್ಪ ಏರಿತು, ಪಿರಿಯಾಪಟ್ಟಣದವಳು ಕೇಳಿದಷ್ಟಲ್ಲ. ಮಳೆಗಾಲ ಮುಗಿದು ಮುಂದಿನ ಕುಯ್ಲಿಗೆ ಆಳು ತರಲು ಮೇಸ್ತ್ರಿ ಬಯಲುಸೀಮೆಗೆ ಹೋದಾಗ ಅವನಿಗೆ ಹೆಚ್ಚು ಮಾತಾಡುವ ಕೆಲಸವೇ ಇರಲಿಲ್ಲ. ತೊಟ್ಟಿಲ ತೋಟದವನು ಬಂದ ಎಂದು ಹಳ್ಳಿಯವರೇ ಗುರುತು ಹಿಡಿದರಂತೆ. ಅವಳು ಮೊದಲ ಬಸ್ಸಿನಲ್ಲೇ ಇಳಿದಳು, ಹಿಂದೆ ಅವಳ ಇಬ್ಬರು ನಾದಿನಿಯರು, ತಂಗಿ, ಬೀದಿಯ ಅರ್ಧದಷ್ಟು ಹೆಂಗಸರು. ಬಡಗಿ ಅಷ್ಟರಲ್ಲಿ ಮರದ ತೊಟ್ಟಿಲು ಮಾಡಿದ್ದ, ಹಸಿರು ಬಣ್ಣ ಬಳಿದು. ಉಮ್ಮನಿಗೆ ಅವು ಇಷ್ಟವಾಗಲಿಲ್ಲ, ಕಿರುಗುಟ್ಟುತ್ತವೆ ಎಂದಳು. ತನ್ನ ಪಾಲಿನ ಮಕ್ಕಳಿಗೆ ಎರಡು ಗೋಣಿಚೀಲ ಉಳಿಸಿಕೊಂಡಳು.

ಎರಡನೆಯ ವರ್ಷ ಕಂಪನಿ ತನ್ನ ಎಲ್ಲ ತೋಟಗಳಲ್ಲೂ ಮಕ್ಕಳ ಮನೆ ಮಾಡಬೇಕೆಂದು ಹೇಳಿ, ಹೇಗೆಂದು ತೋರಿಸಲು ದೊರೆಯನ್ನು ಕಳಿಸಿತು. ದೊರೆ ನನ್ನನ್ನೂ ಉಮ್ಮನನ್ನೂ ಕೂಡಿಕೊಂಡರು. ನನ್ನ ಮನೆಯಲ್ಲಿ ಮತ್ತೆ ಮದುವೆಯ ಮಾತು ಎದ್ದಿತ್ತು. ಅಪ್ಪಯ್ಯನಿಗೆ ಬರೆದೆ, ಕೆಲಸದ ಮೇಲೆ ಹೊರಡುತ್ತಿದ್ದೇನೆ, ಗಂಡಿನ ಕಡೆಯವರು ಕಾಯಲಿ ಎಂದು. ಅಂಥ ವಾಕ್ಯವನ್ನು ನಾನು ಬರೆದೆ ಎಂಬುದೇ ನನಗೆ ಅಂಚೆಪೆಟ್ಟಿಗೆಯ ತನಕ ನಂಬಿಕೆ ಬರಲಿಲ್ಲ.

ಮೊದಲು ಹೋದದ್ದು ಮಾಕುಟ್ಟದ ಆಚೆ, ಘಾಟಿ ಇಳಿದ ಮೇಲೆ ಕೇರಳದಲ್ಲಿ ಸಿಗುವ ಕಂಪನಿಯ ರಬ್ಬರು ತೋಟಕ್ಕೆ. ಲಾರಿಯ ಹಿಂದೆ ಹದಿನೈದು ಹಸಿರು ತೊಟ್ಟಿಲುಗಳನ್ನು ಒಂದರ ಮೇಲೊಂದು ಕಟ್ಟಿದ್ದರು. ಮುಂದೆ ಡ್ರೈವರ್, ಉಮ್ಮ, ನಾನು. ದೊರೆ ಮೋಟಾರ್ ಸೈಕಲ್ಲಿನಲ್ಲಿ ಮುಂದೆ ಮುಂದೆ. ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತಿತ್ತು. ಒಂದೊಂದು ತಿರುವಿಗೂ ತೊಟ್ಟಿಲುಗಳು ಎಲ್ಲ ಒಟ್ಟಿಗೆ ಕಿರುಗುಟ್ಟುತ್ತಿದ್ದವು. ತನ್ನ ಊರಿನ ಕಡೆ ಹೋಗುತ್ತಿದ್ದೇವೆಂದು ಉಮ್ಮನಿಗೆ ಹುಮ್ಮಸ್ಸು ಬಂದು ಗಟ್ಟಿಯಾಗಿ ಹಾಡತೊಡಗಿದಳು. ಡ್ರೈವರನೂ ಸೇರಿಕೊಂಡ. ನನಗೆ ಒಂದು ಪದವೂ ಬಾರದಿದ್ದರೂ ನಾನೂ ಹಾಡಿದೆ.

ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಲಾರಿ ನಿಲ್ಲಿಸಿದ. ಹಿಂದೆ ಹೋಗಿ ನೋಡಿದ. ಮರ ಸಾಗಿಸುತ್ತಾರೆಂದು ಅನುಮಾನವೇನೋ, ಎರಡು ತೊಟ್ಟಿಲು ತಟ್ಟಿ ನೋಡಿ ಮುಂದೆ ಬಂದ.

"ತೊಟ್ಟಿಲು ಇದ್ದಾವೆ. ಮಕ್ಕಳೆಲ್ಲಿ?" ಎಂದು ಕೇಳಿದ.

"ಕೆಳಗಿದ್ದಾರೆ" ಎಂದೆ. "ನಾವು ಅಲ್ಲಿಗೇ ಹೋಗ್ತಾ ಇದ್ದೇವೆ."

ಅವನು ನನ್ನನ್ನು ನೋಡಿದ, ಉಮ್ಮನನ್ನು ನೋಡಿದ, ತಲೆ ಕೆರೆದುಕೊಂಡು ಗೇಟು ಎತ್ತಿದ. ಡ್ರೈವರ್ ಹಾರನ್ನು ಉದ್ದಕ್ಕೆ ಒತ್ತಿ ಲಾರಿಯನ್ನು ಇಳಿಜಾರಿಗೆ ಬಿಟ್ಟ. ಉಮ್ಮ ನಿಲ್ಲಿಸಿದ್ದ ಹಾಡನ್ನು ಮತ್ತೆ ಎತ್ತಿಕೊಂಡಳು.